ವಿಯೆಟ್ನಾಂ ಟ್ರಿಪ್‌ಗೆ ಎಷ್ಟು ದುಡ್ಡು ಬೇಕು? ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು

ಹೋದ ಮಾರ್ಚಲ್ಲಿ ಅಮ್ಮನ್ನ ಕರ್ಕೊಂಡು ಒಂಬತ್ತು ದಿನ ವಿಯೆಟ್ನಾಂ ಸುತ್ತಿ ಬಂದೆ. ಬಂದಾಗಿಂದ ಆಫೀಸಲ್ಲಿ, ಮದುವೆ ಮನೇಲಿ, ವಾಟ್ಸಾಪಲ್ಲಿ ಎಲ್ಲ ಕಡೆ ಇದೇ ಪ್ರಶ್ನೆಗಳು, ಅದಕ್ಕೇ ಒಂದೇ ಕಡೆ ಬರೆದಿಟ್ಬಿಡೋಣ ಅನ್ನಿಸ್ತು. ಲೆಕ್ಕ ಎಲ್ಲಾ ಒಬ್ಬರಿಗೆ, ಇಬ್ಬರು ಒಂದೇ ರೂಮಲ್ಲಿ ಇರೋ ಹಾಗೆ ಹಾಕಿರೋದು. ರೇಟು ಆಗಾಗ ಬದಲಾಗತ್ತೆ, ಬುಕ್ ಮಾಡೋಕೆ ಮುಂಚೆ ಒಂದ್ಸಲ ನೋಡ್ಕೊಳಿ.

ಒಟ್ಟು ಎಷ್ಟಾಯ್ತು? ಅದನ್ನ ಮೊದ್ಲು ಹೇಳಿ

ತಲೆಗೆ ಹತ್ತಿರ ಹತ್ತಿರ 88 ಸಾವಿರ. ಬೆಂಗಳೂರಿಂದ ಹೋಗಿ ಬರೋ ವಿಮಾನ 27 ಸಾವಿರ, ಒಳಗಡೆ ಎರಡು ಫ್ಲೈಟು ಎಂಟೂವರೆ, ಎಂಟು ರಾತ್ರಿಯಲ್ಲಿ ಏಳು ರಾತ್ರಿ ಹೋಟೆಲ್ ಸುಮಾರು 8 ಸಾವಿರ, ಒಂದು ರಾತ್ರಿ ಹಾ ಲಾಂಗ್ ಕೊಲ್ಲಿಯ ಕ್ರೂಸಲ್ಲಿ ಅದಕ್ಕೇ 11 ಸಾವಿರ, ಊಟ ತಿಂಡಿ ಕಾಫಿ 12 ಸಾವಿರ, ಟಿಕೆಟ್ಟು ಮತ್ತೆ ಡೇ ಟೂರು 7 ಸಾವಿರ, ಕ್ಯಾಬು ಬಸ್ಸು 6 ಸಾವಿರ, ವೀಸಾ ಇನ್ಶೂರೆನ್ಸ್ ಸಿಮ್ ಸೇರಿ 4 ಸಾವಿರ, ಉಳಿದಿದ್ದು ಕೈಖರ್ಚು. ಶಾಪಿಂಗ್ ಇದರಲ್ಲಿ ಸೇರಿಲ್ಲ.

ಉತ್ತರದ ಹನೋಯಲ್ಲಿ ಮೂರು ರಾತ್ರಿ, ಹಾ ಲಾಂಗಲ್ಲಿ ಒಂದು, ಮಧ್ಯದ ಹೋಯಿ ಆನಲ್ಲಿ ಎರಡು, ದಕ್ಷಿಣದ ಹೋ ಚಿ ಮಿನ್ ಸಿಟಿ ಅಂದ್ರೆ ಹಳೇ ಸೈಗಾನಲ್ಲಿ ಎರಡು, ಇದು ನಮ್ಮ ರೂಟು.

ವಿಯೆಟ್ನಾಂ ಚೀಪ್ ಅಂತಾರಲ್ಲ, ಮತ್ತೆ 88 ಸಾವಿರ ಹೇಗಾಯ್ತು?

ಅಲ್ಲಿ ಬದುಕೋದು ಚೀಪು, ಓಡಾಡೋದು ಚೀಪಲ್ಲ. ಮೇಲಿನ ಲೆಕ್ಕ ಇನ್ನೊಂದ್ಸಲ ನೋಡಿ, ವಿಮಾನ, ಕ್ರೂಸು, ವೀಸಾ ಇಷ್ಟಕ್ಕೇ ಅರ್ಧಕ್ಕಿಂತ ಜಾಸ್ತಿ ಹೋಗಿದೆ, ಅದೂ ನಾವು ಬೆಂಗಳೂರು ಬಿಡೋ ಮುಂಚೇನೇ. ಅಲ್ಲಿಗೆ ಹೋದ್ಮೇಲೆ ಹತ್ತು ಸಾವಿರ ಡಾಂಗ್ (ಅಲ್ಲಿನ ದುಡ್ಡು) ಉಳಿಸೋಕೆ ಎಷ್ಟು ಒದ್ದಾಡಿದ್ರೂ ಉಳಿಯೋದು ಮೂವತ್ತೈದು ರೂಪಾಯಿ. ಆದರೆ ಪ್ಲಾನ್ ಮಾಡೋವಾಗ ಒಂದು ಊರು ಕಮ್ಮಿ ಮಾಡಿದ್ರೆ ಒಂದೇ ಏಟಿಗೆ ಐದಾರು ಸಾವಿರ ಉಳಿಯತ್ತೆ. ದೇಶ ಉದ್ದಕ್ಕೆ ಇದೆ, ಹನೋಯಿಂದ ಸೈಗಾನಿಗೆ ರೈಲು ದಾರಿ 1,726 ಕಿಲೋಮೀಟರು, ಒಂಬತ್ತು ದಿನದಲ್ಲಿ ಮೇಲಿಂದ ಕೆಳಗೆ ಎಲ್ಲಾ ನೋಡ್ತೀನಿ ಅಂದ್ರೆ ದುಡ್ಡು ಹೋಗೋದೇ ಏರ್‌ಪೋರ್ಟಿಗೆ. ಇನ್ನೊಂದ್ಸಲ ಹೋದ್ರೆ ನಾನು ಸೈಗಾನ್ ಬಿಟ್ಟು ಹನೋಯ್ ಮತ್ತೆ ಹೋಯಿ ಆನ್ ಕಡೆ ಮಾತ್ರ ಹೋಗ್ತೀನಿ.

ಡಾಂಗ್ ಲೆಕ್ಕ ತಲೆಗೇ ಹೋಗ್ತಿಲ್ಲ, ಏನಾದ್ರೂ ಸುಲಭ ದಾರಿ?

1 ರೂಪಾಯಿಗೆ ಸುಮಾರು 290 ಡಾಂಗ್. ಮೂರು ಸೊನ್ನೆ ಹೊಡೆದು ಹಾಕಿ, ಉಳಿದಿದ್ದನ್ನ ಮೂರೂವರೆಯಿಂದ ಗುಣಿಸಿ, ಮುಗೀತು. 50,000 ಡಾಂಗ್ ಅಂದ್ರೆ ಐವತ್ತು ಗುಣಿಸು ಮೂರೂವರೆ, 175 ರೂಪಾಯಿ. ಒಂದು ಲಕ್ಷ ಡಾಂಗ್ ಅಂದ್ರೆ 350. ನಿಜವಾದ ರೇಟಿಗಿಂತ ಒಂಚೂರು ಜಾಸ್ತಿ ಬರತ್ತೆ, ಬಜೆಟ್ಟಿಗೆ ಅದೇ ಒಳ್ಳೇದು.

ಅಲ್ಲಿನ ಅಂಗಡಿಯವರು ಆ ಮೂರು ಸೊನ್ನೆ ಬಾಯಲ್ಲಿ ಹೇಳೋದೇ ಇಲ್ಲ, "ಫಿಫ್ಟಿ" ಅಂದ್ರೆ ಐವತ್ತು ಸಾವಿರ ಅಂತಾನೇ ತಿಳ್ಕೋಬೇಕು. ಬೋರ್ಡಲ್ಲೂ 50 ಕೆ ಅಂತ ಹಾಕಿರ್ತಾರೆ.

ನೋಟಲ್ಲಿ ಮೋಸ ಹೋಗ್ತೀವಾ?

ಮೋಸಕ್ಕಿಂತ ಗಡಿಬಿಡಿ ಜಾಸ್ತಿ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ, ಎರಡೂ ಪ್ಲಾಸ್ಟಿಕ್ ಥರ ನುಣ್ಣಗಿರತ್ತೆ, ಎರಡರ ಮೇಲೂ ಅವರ ರಾಷ್ಟ್ರನಾಯಕ ಹೋ ಚಿ ಮಿನ್ ಅವರದ್ದೇ ಮುಖ. ಹನೋಯಲ್ಲಿ ಎರಡನೇ ದಿನ ರಾತ್ರಿ, ಮಳೆ ಹನೀತಿತ್ತು, ಅಮ್ಮ ಕ್ಯಾಬ್ ಇಳಿದು ಛತ್ರಿ ಬಿಚ್ತಿದ್ರು, ನಾನು ಅವಸರದಲ್ಲಿ 20 ಸಾವಿರದ ನೋಟು ಅಂದ್ಕೊಂಡು 5 ಲಕ್ಷದ ನೋಟು ಕೊಟ್ಬಿಟ್ಟೆ, ಡ್ರೈವರು ಇಸ್ಕೊಂಡು ಹೊರಟೇ ಹೋದ. ರೂಮಿಗೆ ಬಂದು ಎಣಿಸಿದಾಗಲೇ ಗೊತ್ತಾಗಿದ್ದು, 1,700 ರೂಪಾಯಿ ಹೋಗಿತ್ತು. ಅವನೂ ನೋಡಿರ್ಲಿಲ್ವೋ ಏನೋ, ಆದರೆ ಆ ರಾತ್ರಿ ನಂಗೆ ತುಂಬಾ ಬೇಜಾರಾಯ್ತು. ಮಾರನೇ ದಿನದಿಂದ ಅಮ್ಮನ ಪರ್ಸಲ್ಲಿ 50 ಸಾವಿರದವರೆಗಿನ ಚಿಲ್ರೆ, ನನ್ನ ಪೌಚಲ್ಲಿ ದೊಡ್ಡ ನೋಟು, ಹೀಗೆ ಬೇರೆ ಬೇರೆ ಇಟ್ಕೊಂಡ್ವಿ, ಆಮೇಲೆ ಒಂದೇ ಒಂದ್ಸಲಾನೂ ತಪ್ಪಾಗ್ಲಿಲ್ಲ. ನೋಟಿನ ಹಿಂದೆ ಚಿತ್ರ ನೋಡಿದ್ರೂ ಗೊತ್ತಾಗತ್ತೆ, 20 ಸಾವಿರದ ಮೇಲೆ ಹೋಯಿ ಆನಿನ ಹಳೇ ಜಪಾನಿ ಸೇತುವೆ ಇರತ್ತೆ, ಮಾಡು ಹೊದಿಸಿರೋದು.

ವೀಸಾಗೆ ಏಜೆಂಟ್ ಬೇಕಾ?

ಬೇಡವೇ ಬೇಡ. ಇ-ವೀಸಾ ಸಿಂಗಲ್ ಎಂಟ್ರಿಗೆ 25 ಡಾಲರ್, ಮಲ್ಟಿಪಲ್ ಎಂಟ್ರಿಗೆ 50 ಡಾಲರ್, 2023ರ ಆಗಸ್ಟಿಂದ 90 ದಿನದವರೆಗೂ ಕೊಡ್ತಿದಾರೆ. ಸರ್ಕಾರದ ಸೈಟು ಇವೀಸಾ ಡಾಟ್ ಗವ್ ಡಾಟ್ ವಿಎನ್, ಗೂಗಲ್ ಮಾಡಿದ್ರೆ ಅದರ ಥರಾನೇ ಕಾಣೋ ಬೇರೆ ಸೈಟುಗಳು ಮೇಲೆ ಬರತ್ತೆ, ಅವು ಎರಡು ಮೂರು ಪಟ್ಟು ತಗೊಳ್ತವೆ. ನಮ್ಮ ಪರಿಚಯದವರೊಬ್ರು ಏಜೆಂಟ್ ಕೈಲಿ ಮಾಡ್ಸಿ ತಲೆಗೆ 5,500 ಕೊಟ್ಟು ಬಂದಿದ್ರು, ಅದೇ ಫಾರ್ಮು, ಅದೇ ವೀಸಾ.

ಹೆಸರಿನ ವಿಷಯದಲ್ಲಿ ಮಾತ್ರ ಹುಷಾರು. ನಮ್ಮ ಕಡೆ ತುಂಬಾ ಜನಕ್ಕೆ ಸರ್‌ನೇಮೇ ಇರಲ್ಲ, ಇನಿಷಿಯಲ್ ಮಾತ್ರ, ಅಮ್ಮನ ಪಾಸ್‌ಪೋರ್ಟಲ್ಲೂ ಸರ್‌ನೇಮ್ ಜಾಗ ಖಾಲಿ. ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಹಾಕಿ, ನೀವಾಗಿ ಏನೂ ಬಿಡಿಸಿ ಬರೀಬೇಡಿ, ಹುಟ್ಟಿದ ತಾರೀಕು ಪಾಸ್‌ಪೋರ್ಟ್ ನಂಬರ್ ಎರಡೆರಡು ಸಲ ನೋಡಿ. ತಪ್ಪಾದ್ರೆ ಕಟ್ಟಿದ ದುಡ್ಡು ವಾಪಸ್ ಬರಲ್ಲ, ಹೊಸದಾಗೇ ಹಾಕ್ಬೇಕು. ಹೊರಡೋಕೆ ಎರಡು ಮೂರು ವಾರ ಮುಂಚೆ ಹಾಕಿ, ಪ್ರಿಂಟ್ ತಗೊಂಡು ಹೋಗಿ.

ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ಇದ್ಯಾ?

2025ರಿಂದ ಶುರುವಾಗಿದೆ, ಆದರೆ ದಿನಾ ಇರಲ್ಲ, ಶೆಡ್ಯೂಲ್ ಆಗಾಗ ಬದಲಾಗತ್ತೆ. ಬ್ಯಾಂಕಾಕ್, ಕೌಲಾಲಂಪುರ, ಸಿಂಗಾಪುರದ ಮೇಲೆ ಹೋಗೋ ಟಿಕೆಟ್ಟೂ ಜೊತೆಗೇ ನೋಡಿ. ಹೋಗೋದು ಹನೋಯಿಗೆ, ವಾಪಸ್ ಬರೋದು ಸೈಗಾನಿಂದ ಅಂತ ಮಾಡಿದ್ರೆ ಬಂದ ದಾರೀಲೇ ತಿರುಗಿ ಹೋಗೋದು ತಪ್ಪತ್ತೆ, ಟಿಕೆಟ್ ಸಾವಿರ ಜಾಸ್ತಿ ಇದ್ರೂ ಅದೇ ಲಾಭ. ಕಮ್ಮಿ ರೇಟಿನ ವಿಮಾನದಲ್ಲಿ ಕ್ಯಾಬಿನ್ ಬ್ಯಾಗು 7 ಕೇಜಿ ಅಷ್ಟೇ, ಚೆಕ್-ಇನ್ ಲಗೇಜು ಟಿಕೆಟ್ ಜೊತೆಗೇ ತಗೊಳಿ, ಕೌಂಟರಲ್ಲಿ ಕಟ್ಟಿದ್ರೆ ಜೇಬಿಗೆ ಕತ್ತರಿ.

ಕ್ಯಾಶಾ, ಕಾರ್ಡಾ? ರೂಪಾಯಿ ನಡೆಯತ್ತಾ?

ರೂಪಾಯಿ ತಗೊಂಡು ಹೋಗಬೇಡಿ. ಇಲ್ಲಿ ಡಾಲರ್ ತಗೊಳಿ, 100ರ ನೋಟು, ಮಡಿಕೆ ಕಲೆ ಹರಕು ಇಲ್ಲದೇ ಇರೋದು, ಅಲ್ಲಿ ಬ್ಯಾಂಕಲ್ಲೋ ಏರ್‌ಪೋರ್ಟ್ ಕೌಂಟರಲ್ಲೋ ಡಾಂಗ್ ಮಾಡ್ಸಿ. ಸಣ್ಣ ಡಾಲರ್ ನೋಟಿಗೆ ರೇಟ್ ಕಮ್ಮಿ ಕೊಡ್ತಾರೆ. ಹೋಟೆಲು, ಕ್ರೂಸು, ದೊಡ್ಡ ಅಂಗಡಿ ಬಿಟ್ರೆ ಮಿಕ್ಕಿದ್ದೆಲ್ಲ ಕ್ಯಾಶೇ, ರಸ್ತೆ ಬದಿ ಕ್ಯೂಆರ್ ಕೋಡ್ ಎಲ್ಲ ಕಡೆ ಕಾಣತ್ತೆ ಆದರೆ ಅದು ಅವರ ಬ್ಯಾಂಕಿನವರಿಗೆ. ಎಟಿಎಮ್ಮಲ್ಲಿ ಒಂದ್ಸಲಕ್ಕೆ ಇಷ್ಟೇ ಅಂತ ಮಿತಿ ಇದೆ, ಪ್ರತಿ ಸಲಕ್ಕೂ ಅವರ ಫೀಸು, ಮೇಲೆ ನಮ್ಮ ಬ್ಯಾಂಕಿನ ಫೀಸು ಬೇರೆ, ಅದಕ್ಕೇ ಸಣ್ಣ ಸಣ್ಣದಾಗಿ ತೆಗೀಬೇಡಿ. ಮಾಮೂಲಿ ಕ್ರೆಡಿಟ್ ಕಾರ್ಡಿಗೆ ಫಾರೆಕ್ಸ್ ಮಾರ್ಕಪ್, ಅಂದ್ರೆ ಬೇರೆ ದೇಶದ ದುಡ್ಡಲ್ಲಿ ಕಟ್ಟಿದ್ದಕ್ಕೆ ಬ್ಯಾಂಕ್ ಹಾಕೋ ಫೀಸು, 2ರಿಂದ 3.5 ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ. ಸ್ವೈಪ್ ಮಾಡೋವಾಗ ರೂಪಾಯಲ್ಲಿ ಕಟ್ತೀರಾ ಡಾಂಗಲ್ಲಿ ಕಟ್ತೀರಾ ಅಂತ ಕೇಳಿದ್ರೆ ಡಾಂಗ್ ಅನ್ನಿ.

ಹೋಟೆಲ್ ರೇಟ್ ಹೇಗಿದೆ?

ಇಲ್ಲಿ ನಿಜವಾಗ್ಲೂ ಕಮ್ಮಿ. ಡಾರ್ಮಲ್ಲಿ ಒಂದು ಹಾಸಿಗೆ 2 ಲಕ್ಷ ಡಾಂಗ್ ಆಸುಪಾಸು, ಅಂದ್ರೆ 700 ರೂಪಾಯಿ. ನಾವಿದ್ದಿದ್ದು ಮನೆಯವರೇ ನಡೆಸೋ ಹೋಮ್‌ಸ್ಟೇ, ಇಬ್ಬರಿಗೆ ರೂಮು 6 ಲಕ್ಷ ಡಾಂಗ್, ತಿಂಡಿ ಸೇರಿ 2,100 ರೂಪಾಯಿ, ಅಷ್ಟು ಚೊಕ್ಕಟವಾದ ರೂಮು ಇಲ್ಲಿ ಆ ರೇಟಿಗೆ ನಂಗೆ ಸಿಕ್ಕಿಲ್ಲ. ಹನೋಯ್ ಓಲ್ಡ್ ಕ್ವಾರ್ಟರಲ್ಲಿ ಮನೆಗಳು ಅಗಲ ಕಮ್ಮಿ, ಎತ್ತರ ಜಾಸ್ತಿ, ಲಿಫ್ಟ್ ಇಲ್ಲದೇ ನಾಲ್ಕನೇ ಮಹಡಿ ಕೊಡ್ತಾರೆ, ಅಪ್ಪ ಅಮ್ಮನ ಜೊತೆ ಹೋಗೋರು ಲಿಫ್ಟ್ ಇದ್ಯಾ ಅಂತ ಮೊದ್ಲೇ ಕೇಳಿ. ಕಿಟಕಿ ಇಲ್ಲದ ರೂಮೂ ಇರತ್ತೆ, ಕಮ್ಮಿ ರೇಟು ಯಾಕೆ ಅಂತ ಆಮೇಲೆ ಗೊತ್ತಾಗತ್ತೆ. ಬಟ್ಟೆ ಒಗೆಯೋಕೆ ಕೇಜಿಗೆ 30-40 ಸಾವಿರ ಡಾಂಗ್, ಅಂದ್ರೆ ನೂರೈವತ್ತು ರೂಪಾಯಿ ಒಳಗೇ, ಬಟ್ಟೆ ಕಮ್ಮಿ ಹೊತ್ಕೊಂಡು ಹೋಗಿ.

ನಾವು ವೆಜ್. ಊಟಕ್ಕೆ ಪರದಾಡ್ಬೇಕಾ? ಇಂಡಿಯನ್ ಹೋಟೆಲ್ ಖರ್ಚು ಎಷ್ಟು?

ಜಾಸ್ತಿ ಜನ ಕೇಳೋದು ಇದನ್ನೇ. ಭಯಕ್ಕೆ ಎಲ್ರೂ ದಿನಾ ಎರಡು ಹೊತ್ತು ಇಂಡಿಯನ್ ರೆಸ್ಟೋರೆಂಟಿಗೆ ಹೋಗ್ತಾರೆ, ಅಲ್ಲಿ ಒಂದು ದಾಲ್, ಎರಡು ರೊಟ್ಟಿ, ಅನ್ನ ಅಂದ್ರೆ ತಲೆಗೆ 800-1,000 ರೂಪಾಯಿ ಆಗ್ಬಿಡತ್ತೆ, ಬಜೆಟ್ ಕೈ ಮೀರೋದೇ ಅಲ್ಲಿ.

ನೀವು ನೆನಪಿಟ್ಕೋಬೇಕಾದ ಒಂದೇ ಪದ "ಚಾಯ್". ನಮ್ಮ ಟೀ ಅಲ್ಲ, ಅವರ ಭಾಷೇಲಿ ಚಾಯ್ ಅಂದ್ರೆ ಸಸ್ಯಾಹಾರ. "ತೋಯ್ ಆನ್ ಚಾಯ್" ಅಂದ್ರೆ ನಾನು ಸಸ್ಯಾಹಾರಿ. "ಕೋಮ್ ಚಾಯ್" ಅಂತ ಬೋರ್ಡ್ ಇರೋ ಕಡೆ ಪೂರ್ತಿ ವೆಜ್ ಊಟ, ಬೌದ್ಧರು ನಡೆಸೋದು, ಅನ್ನದ ಜೊತೆ ತೋಫು, ಸೊಪ್ಪು, ಅಣಬೆ, ಎಳೇ ಬಿದಿರು ಎಲ್ಲಾ ದೊಡ್ಡ ದೊಡ್ಡ ತಟ್ಟೇಲಿ ಇಟ್ಟಿರ್ತಾರೆ, ಕೈ ತೋರಿಸಿದ್ರೆ ಬಡಿಸ್ತಾರೆ, 40ರಿಂದ 60 ಸಾವಿರ ಡಾಂಗ್, ಅಂದ್ರೆ 140-210 ರೂಪಾಯಿಗೆ ಹೊಟ್ಟೆ ತುಂಬಾ ಊಟ. ಚಂದ್ರಮಾನ ತಿಂಗಳ 1 ಮತ್ತೆ 15ನೇ ದಿನ ಅಲ್ಲಿ ತುಂಬಾ ಜನ ಮಾಂಸ ಬಿಡ್ತಾರೆ, ಅಂದ್ರೆ ನಮ್ಮ ಅಮಾವಾಸ್ಯೆ ಹುಣ್ಣಿಮೆ ಹತ್ತಿರ. ಹೋಯಿ ಆನಲ್ಲಿ ನಾವು ಹೋದಾಗ ಅಂಥದ್ದೇ ದಿನ, ಮಾಮೂಲಿ ನೂಡಲ್ಸ್ ಅಂಗಡಿಯವರೂ ಹೊರಗೆ ಚಾಯ್ ಅಂತ ರಟ್ಟಿನ ಮೇಲೆ ಬರೆದು ತೂಗುಹಾಕಿದ್ರು, ಅಮ್ಮಂಗೆ "ಇವರೂ ನಮ್ಮ ಹಾಗೇ ದಿನ ನೋಡ್ತಾರಲ್ಲೇ" ಅಂತ ಬಲು ಸಂತೋಷ.

ಮಾಮೂಲಿ ಅಂಗಡೀಲಿ "ನೋ ಮೀಟ್" ಅಂದ್ರೆ ಸಾಲದು, ಮೀನಿನ ಸಾಸು ನುವೊಕ್ ಮಾಮ್ ಎಲ್ಲದಕ್ಕೂ ಬೀಳತ್ತೆ, ಸೂಪಿನ ನೀರು ಮೂಳೆ ಬೇಯಿಸಿದ್ದು. ಚಾಯ್ ಅಂದ್ರೆ ಅವರಿಗೆ ಇದೆಲ್ಲ ಅರ್ಥ ಆಗತ್ತೆ. ನಾನ್‌ವೆಜ್ ತಿನ್ನೋರಿಗೆ ಚಿಂತೇನೇ ಇಲ್ಲ, ಒಂದು ಬಟ್ಟಲು ಫೋ ಅಂದ್ರೆ ನೂಡಲ್ಸ್ ಸೂಪು 50-70 ಸಾವಿರ, ಬಾನ್ ಮಿ ಅಂದ್ರೆ ಅವರ ಸ್ಯಾಂಡ್ವಿಚ್ 25-40 ಸಾವಿರ ಡಾಂಗ್. ಚಟ್ನಿಪುಡಿ, ಒಂದು ಸಣ್ಣ ಬಾಟ್ಲಿ ಉಪ್ಪಿನಕಾಯಿ ನಾವೂ ಇಟ್ಕೊಂಡಿದ್ವಿ, ಅನ್ನ ಎಲ್ಲಾ ಕಡೆ ಸಿಗತ್ತಲ್ಲ.

ಕಾಫಿ ಹೇಗೆ?

ನಮ್ಮೋರಿಗೆ ಹೇಳಿ ಮಾಡಿಸಿದ ದೇಶ. ಕಾಫಿ ಬೆಳೆಯೋದ್ರಲ್ಲಿ ಬ್ರೆಜಿಲ್ ಬಿಟ್ರೆ ಇವರೇ, ಹೆಚ್ಚಿನದು ರೋಬಸ್ಟಾ. ಗ್ಲಾಸಿನ ಮೇಲೇ ಫಿನ್ ಅಂತ ಪುಟ್ಟ ಫಿಲ್ಟರ್ ಕೂರಿಸಿ ತಂದಿಡ್ತಾರೆ, ಕೆಳಗೆ ಬೆರಳಷ್ಟು ದಪ್ಪ ಕಂಡೆನ್ಸ್ಡ್ ಮಿಲ್ಕು, ಅದರ ಮೇಲೆ ಕಪ್ಪಗೆ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಬೀಳ್ತಾ ಇರತ್ತೆ, ಅದು ಇಳಿಯೋವರೆಗೂ ಸುಮ್ನೆ ರಸ್ತೆ ನೋಡ್ತಾ ಕೂರ್ಬೇಕು. 25-35 ಸಾವಿರ ಡಾಂಗ್, ನೂರು ರೂಪಾಯಿ ಚಿಲ್ರೆ. ದಿನಕ್ಕೆರಡು ಬಜೆಟ್ಟಲ್ಲಿ ಇಟ್ಕೊಳಿ, ಅದರಲ್ಲಿ ಕೈ ಹಿಡೀಬೇಡಿ.

ಊರೊಳಗೆ ಓಡಾಡೋಕೆ?

ನಮ್ಮ ಓಲಾ, ಊಬರ್ ಥರದ ಗ್ರ್ಯಾಬ್ ಆ್ಯಪ್ ಹಾಕ್ಕೊಳಿ, ರೇಟು ಮೊದ್ಲೇ ಗೊತ್ತಾಗತ್ತೆ, ಒಬ್ಬರೇ ಇದ್ರೆ ಬೈಕ್ ಇನ್ನೂ ಕಮ್ಮಿ. ಹನೋಯ್ ಏರ್‌ಪೋರ್ಟಿಂದ 86ನೇ ನಂಬರ್ ಬಸ್ಸಿಗೆ 45 ಸಾವಿರ ಡಾಂಗ್, ಓಲ್ಡ್ ಕ್ವಾರ್ಟರ್ ಹತ್ರಾನೇ ಇಳೀಬಹುದು. ಸೈಗಾನಲ್ಲಿ 2024ರ ಡಿಸೆಂಬರಲ್ಲಿ ಮೊದಲನೇ ಮೆಟ್ರೋ ಶುರುವಾಗಿದೆ, ಬೆನ್ ಥಾನ್ ಮಾರ್ಕೆಟ್ಟಿಂದ, ಟಿಕೆಟ್ 20 ಸಾವಿರ ಡಾಂಗ್ ದಾಟಲ್ಲ. ಸ್ಕೂಟರ್ ಬಾಡಿಗೆ ದಿನಕ್ಕೆ 500-600 ರೂಪಾಯಿ, ಆದರೆ ಗಾಡಿ ಎಲ್ಲಾ ಬಲಗಡೆ ಓಡೋ ದೇಶ, ಲೈಸೆನ್ಸ್ ಸರಿಯಿಲ್ಲ ಅಂದ್ರೆ ಇನ್ಶೂರೆನ್ಸಿನವರು ಒಂದು ಪೈಸೆ ಕೊಡಲ್ಲ, ಈ ಉಳಿತಾಯ ನಂಗಂತೂ ಬೇಡ.

ಊರಿಂದ ಊರಿಗೆ ಫ್ಲೈಟಾ ರೈಲಾ?

ಹನೋಯ್‌–ಡಾ ನಾಂಗ್ (ಹೋಯಿ ಆನಿಗೆ ಹತ್ತಿರದ ಏರ್‌ಪೋರ್ಟ್ ಇರೋ ಊರು) ರೈಲಲ್ಲಿ 15-17 ಗಂಟೆ, ರಾತ್ರಿ ಹತ್ತಿದ್ರೆ ಒಂದು ದಿನದ ಹೋಟೆಲ್ ಉಳಿಯತ್ತೆ, ಆದರೆ ಸ್ಲೀಪರ್ ಟಿಕೆಟ್ಟಿಗೂ ಮುಂಚೆ ಬುಕ್ ಮಾಡಿದ ಫ್ಲೈಟಿಗೂ ದುಡ್ಡಲ್ಲಿ ಅಂಥ ವ್ಯತ್ಯಾಸ ಇಲ್ಲ. ಅಮ್ಮನ ಬೆನ್ನು ನೆನೆಸ್ಕೊಂಡು ನಾವು ಫ್ಲೈಟೇ ಹತ್ತಿದ್ವಿ. ಸ್ಲೀಪರ್ ಬಸ್ಸು ಎಲ್ಲಕ್ಕಿಂತ ಕಮ್ಮಿ, ಹನೋಯಿಂದ ಸಾಪಾ ಅನ್ನೋ ಬೆಟ್ಟದ ಊರಿಗೆ ಹೋಗೋರು ಅದರಲ್ಲೇ ಹೋಗೋದು.

ಒಂದು ರೈಲು ಮಾತ್ರ ಬಿಡಬೇಡಿ, ಹಳೇ ರಾಜಧಾನಿ ಹುಯೆಯಿಂದ ಡಾ ನಾಂಗಿಗೆ, ನೂರು ಕಿಲೋಮೀಟರಿಗೆ ಸುಮಾರು ಮೂರು ಗಂಟೆ. ಹಾಯ್ ವಾನ್ ಘಟ್ಟ ಹತ್ತೋವಾಗ ಒಂದು ಕಡೆ ಕಾಡು, ಇನ್ನೊಂದು ಕಡೆ ಕೆಳಗೇ ಸಮುದ್ರ. ಟಿಕೆಟ್ 1ರಿಂದ 1.5 ಲಕ್ಷ ಡಾಂಗ್, ಡಾ ನಾಂಗ್ ಕಡೆ ಹೋಗ್ತಾ ಎಡಗಡೆ ಕಿಟಕಿ ಕೇಳಿ.

ಹಾ ಲಾಂಗ್ ಕ್ರೂಸಿಗೆ 11 ಸಾವಿರ ಕೊಡಬಹುದಾ?

ಬಜೆಟ್ ಬಿಗಿ ಇದ್ರೆ ಕೊಡಬೇಡಿ. ಹನೋಯಿಂದ ಬೆಳಿಗ್ಗೆ ಹೋಗಿ ರಾತ್ರಿ ಬರೋ ಟೂರು 40-50 ಡಾಲರಿಗೆ ಸಿಗತ್ತೆ, ಆ ಸುಣ್ಣಕಲ್ಲಿನ ಗುಡ್ಡಗಳು ಎರಡರಲ್ಲೂ ಅವೇ. ರಾತ್ರಿ ದೋಣೀಲೇ ಇರೋದ್ರ ಲಾಭ ಬೆಳಗಿನ ಜಾವ ಡೆಕ್ ಮೇಲೆ ಸದ್ದಿಲ್ಲದೆ ನಿಂತು ನೋಡೋದು, ಅಮ್ಮಂಗೋಸ್ಕರ ಅದನ್ನ ಮಾಡಿದೆ, ಬೇಜಾರಿಲ್ಲ. ವೆಜ್ ಊಟ ಬೇಕು ಅಂತ ಬುಕ್ ಮಾಡೋವಾಗಲೇ ಬರೆದು ಕಳಿಸಿ. ಗಾಳಿ ಜಾಸ್ತಿ ಇದ್ರೆ ಬೋಟು ಬಿಡಲ್ಲ, ಕ್ಯಾನ್ಸಲ್ ಆದ್ರೆ ದುಡ್ಡು ವಾಪಸ್ ಬರತ್ತಾ ಅಂತ ಓದ್ಕೊಳಿ.

ಡಾ ನಾಂಗ್ ಹತ್ರದ ಬಾ ನಾ ಹಿಲ್ಸ್ ಗೋಲ್ಡನ್ ಬ್ರಿಡ್ಜಿಗೆ ಹೋಗ್ಲೇಬೇಕಾ? ಟಿಕೆಟ್ ಜಾಸ್ತಿ ಅಂತೆ

ಜಾಸ್ತಿ ಹೌದು, ಕೇಬಲ್ ಕಾರ್ ಸೇರಿ ಟಿಕೆಟ್ಟೇ 3,000 ರೂಪಾಯಿ ದಾಟತ್ತೆ, ಹೋಗೋ ಗಾಡಿ ಬೇರೆ. ಎರಡು ದೊಡ್ಡ ಕೈ ಹಿಡಿದಿರೋ ಆ ಸೇತುವೆ 2018ರಲ್ಲಿ ಕಟ್ಟಿದ್ದು, ಫೋಟೋ ಚೆನ್ನಾಗಿ ಬರತ್ತೆ, ಮೋಡ ಮುಚ್ಚಿದ್ರೆ ಅದೂ ಇಲ್ಲ. ಮಕ್ಕಳಿದ್ರೆ ಹೋಗಿ.

ನಾನು ಹೇಳೋದು, ಅದಕ್ಕಿಂತ ಮೊದ್ಲು ಮೀ ಸೊನ್‌ಗೆ ಹೋಗಿ. ಹೋಯಿ ಆನಿಂದ ಸುಮಾರು 40 ಕಿಲೋಮೀಟರು, ಟಿಕೆಟ್ 1.5 ಲಕ್ಷ ಡಾಂಗ್, 520 ರೂಪಾಯಿ. ಹಿಂದೆ ಆ ಭಾಗ ಆಳಿದ್ದ ಚಂಪಾ ರಾಜರು 4ನೇ ಶತಮಾನದಿಂದ ಕಟ್ಟಿಸ್ತಾ ಬಂದ ಶಿವನ ದೇವಸ್ಥಾನಗಳು, ಇಟ್ಟಿಗೆ ಮೇಲೆ ಇಟ್ಟಿಗೆ, ನಡುವೆ ಗಾರೆಯ ಗೆರೆ ಕಾಣಲ್ಲ. 1969ರಲ್ಲಿ ಅಮೆರಿಕದ ಬಾಂಬಿಗೆ ದೊಡ್ಡ ಗೋಪುರ ಬಿದ್ದೋಯ್ತು, ಬಾಂಬ್ ಬಿದ್ದ ಗುಂಡಿಗಳು ಹುಲ್ಲು ಬೆಳ್ಕೊಂಡು ಇನ್ನೂ ಹಾಗೇ ಇವೆ. ನಮ್ಮ ಪುರಾತತ್ವ ಇಲಾಖೆಯವರೇ ಅಲ್ಲಿ ಜೀರ್ಣೋದ್ಧಾರ ಮಾಡಿದಾರೆ, 2020ರಲ್ಲಿ ಕೆಲಸ ಮಾಡ್ತಿದ್ದಾಗ ಮಣ್ಣಡಿಯಿಂದ 9ನೇ ಶತಮಾನದ ಮರಳುಗಲ್ಲಿನ ಲಿಂಗ ಸಿಕ್ತು. ಅಮ್ಮ ಒಂದು ಪಾಣಿಪೀಠದ ಹತ್ರ ನಿಂತು ನೀರು ಹರಿಯೋ ಆ ಮೂತಿ ಯಾವ ದಿಕ್ಕಿಗಿದೆ ಅಂತ ನೋಡಿದ್ರು, ಉತ್ತರಕ್ಕಿತ್ತು, "ನಮ್ಮೂರಲ್ಲಿ ಇರೋ ಹಾಗೇ" ಅಂದ್ರು. ಬೆಳಿಗ್ಗೆ ಏಳಕ್ಕೆ ಹೋಗಿ, ಹತ್ತರ ಮೇಲೆ ಬಿಸಿಲು ತಡೆಯಲ್ಲ.

ಹೋಯಿ ಆನ್ ಹಳೇ ಊರಿನ ಟಿಕೆಟ್ 1.2 ಲಕ್ಷ ಡಾಂಗ್, ಐದು ಜಾಗ ನೋಡಬಹುದು. ಸೈಗಾನಿನ ಯುದ್ಧದ ಮ್ಯೂಸಿಯಂ 40 ಸಾವಿರ ಡಾಂಗ್ ಅಷ್ಟೇ, ಅದಕ್ಕೆ ಅರ್ಧ ದಿನ ಇಟ್ಕೊಳಿ, ಮನಸ್ಸು ಭಾರ ಆಗತ್ತೆ.

ಚೌಕಾಸಿ ಮಾಡಬಹುದಾ?

ಬೆನ್ ಥಾನ್ ಥರದ ಮಾರ್ಕೆಟ್ಟಲ್ಲಿ ಧಾರಾಳವಾಗಿ ಮಾಡಿ, ಹೇಳಿದ್ದರ ಅರ್ಧಕ್ಕೆ ಶುರು ಮಾಡಿ ನಗ್ತಾ ನಗ್ತಾ ಕೇಳಿ. ಊಟದ ಅಂಗಡೀಲಿ, ರೇಟು ಬರೆದಿರೋ ಕಡೆ ಬೇಡ. ಅಡ್ಡೆ ಹೊತ್ಕೊಂಡು ಹಣ್ಣು ಮಾರೋ ಅಜ್ಜಿ ಜೊತೆ ಐದು ಸಾವಿರ ಡಾಂಗಿಗೆ, ಅಂದ್ರೆ ಹದಿನೇಳು ರೂಪಾಯಿಗೆ ನಮ್ಮವರು ಜಗಳ ಆಡೋದನ್ನ ಕಣ್ಣಾರೆ ನೋಡಿದೆ, ದಯವಿಟ್ಟು ಹಾಗೆ ಮಾಡಬೇಡಿ. ಅವರ ಅಡ್ಡೆ ಹೆಗಲ ಮೇಲಿಟ್ಟು ಫೋಟೋ ತೆಗೆಸ್ಕೊಂಡ್ರೆ ದುಡ್ಡು ಕೇಳ್ತಾರೆ, ಅದು ನೆನಪಿರ್ಲಿ.

ಯಾವ ತಿಂಗಳು ಹೋದ್ರೆ ಕಮ್ಮಿ ಖರ್ಚು?

ಮಾರ್ಚ್, ಏಪ್ರಿಲಲ್ಲಿ ಉತ್ತರ, ಮಧ್ಯ, ದಕ್ಷಿಣ ಮೂರೂ ಕಡೆ ಹವೆ ಸುಮಾರಾಗಿ ಚೆನ್ನಾಗಿರತ್ತೆ. ಟೆಟ್ ಅಂದ್ರೆ ಅವರ ಹೊಸ ವರ್ಷ, ಜನವರಿ 20ರ ಆಚೆ, ಫೆಬ್ರವರಿ 20ರೊಳಗೆ ಬರತ್ತೆ, ಆಗ ಇಡೀ ದೇಶ ಊರಿಗೆ ಹೊರಟಿರತ್ತೆ, ಟಿಕೆಟ್ ಸಿಗಲ್ಲ, ಅಂಗಡಿ ಬಾಗಿಲು ಹಾಕಿರತ್ತೆ. ಏಪ್ರಿಲ್ 30, ಮೇ 1 ರಜೆನೂ ಹಾಗೇ. ಅಕ್ಟೋಬರ್, ನವೆಂಬರಲ್ಲಿ ಹೋಟೆಲ್ ಅಗ್ಗ ಅಂತ ಹೋಯಿ ಆನ್ ಬುಕ್ ಮಾಡಬೇಡಿ, ನೆರೆ ಬರೋ ಕಾಲ ಅದು. ಡಿಸೆಂಬರಲ್ಲಿ ಹನೋಯಿಗೆ ಹೋದ್ರೆ ಸ್ವೆಟರ್ ಬೇಕು.

ಪ್ಯಾಕೇಜ್ ತಗೊಂಡ್ರೆ ಕಮ್ಮಿ ಆಗತ್ತಾ?

ಫಾರ್ಮು, ಬುಕಿಂಗು ಎಲ್ಲ ನೀವೇ ಮಾಡೋಕಾಗತ್ತೆ ಅಂದ್ರೆ ಆಗಲ್ಲ. ಪ್ಯಾಕೇಜಿಗೆ ಟಿಸಿಎಸ್ ಅಂತ ಟ್ಯಾಕ್ಸ್ ಬೇರೆ ಹಿಡೀತಾರೆ, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರತ್ತೆ, ಆದರೆ ಅಲ್ಲಿವರೆಗೂ ನಿಮ್ಮ ದುಡ್ಡು ಅಲ್ಲಿ ಕೂತಿರತ್ತೆ. ವಯಸ್ಸಾದವರು ಎಂಟ್ಹತ್ತು ಜನ ಒಟ್ಟಿಗೆ ಹೊರಟಿದ್ರೆ ಪ್ಯಾಕೇಜೇ ನೆಮ್ಮದಿ.

ಎಲ್ಲಿ ಉಳಿಸ್ಲೇಬಾರದು?

ಇನ್ಶೂರೆನ್ಸು. ಒಂಬತ್ತು ದಿನಕ್ಕೆ ಸಾವಿರ ರೂಪಾಯಿ ಆಸುಪಾಸು, ಅಪ್ಪ ಅಮ್ಮನಿಗೆ ಬಿಪಿ ಶುಗರ್ ಇದ್ರೆ ಅದನ್ನ ಮುಚ್ಚಿಡದೆ ಹೇಳಿ ಮಾಡ್ಸಿ. ಮತ್ತೆ ಕುಡಿಯೋ ನೀರು, ನಲ್ಲಿ ನೀರು ಬೇಡ, ಬಾಟ್ಲಿ 5-10 ಸಾವಿರ ಡಾಂಗ್.

ಉಳಿದ ಡಾಂಗ್ ಏನ್ ಮಾಡೋದು?

ಅಲ್ಲೇ ಏರ್‌ಪೋರ್ಟಲ್ಲಿ ಡಾಲರ್ ಮಾಡ್ಕೊಂಡು ಬನ್ನಿ, ಬೆಂಗಳೂರಲ್ಲಿ ಡಾಂಗ್ ತಗೊಳ್ಳೋರು ಕಮ್ಮಿ, ತಗೊಂಡ್ರೂ ಕೈಗೆ ಬರೋದು ಏನೂ ಇಲ್ಲ. ಕೊನೇ ದಿನ ನಮ್ಮ ಹತ್ರ 1.8 ಲಕ್ಷ ಉಳಿದಿತ್ತು, ಮಾರ್ಕೆಟ್ಟಲ್ಲಿ ಎರಡು ಸ್ಟೀಲ್ ಫಿನ್, ಅರ್ಧ ಕೇಜಿಗಿಂತ ಕಮ್ಮಿ ಕಾಫಿ ಪುಡಿ ತಗೊಂಡ್ವಿ. ಪುಡಿ ಹದಿನೈದು ದಿನಕ್ಕೆ ಖಾಲಿ. ಅಮ್ಮ ಈಗ ಅದೇ ಫಿನ್ನಲ್ಲಿ ಚಿಕ್ಕಮಗಳೂರಿನ ಪುಡಿ ಹಾಕ್ತಿದಾರೆ, ಪುಡಿ ತುಂಬಾ ನುಣ್ಣಗಿದ್ರೆ ಡಿಕಾಕ್ಷನ್ ಇಳಿಯೋದೇ ಇಲ್ಲ, ಅದಕ್ಕೆ ಅಂಗಡೀಲಿ ಸ್ವಲ್ಪ ತರಿತರಿಯಾಗಿ ಬೀಸಿಸ್ಕೊಂಡು ಬರ್ತಾರೆ.